ಜಯಲಕ್ಷ್ಮೀಪುರಂ ಸ್ಟುಡಿಯೋದಲ್ಲಿ ಅಪ್ಪಾಜಿಗೆ ಮಾಡಿಸಿದ ಆರಿದ್ರಾ ನಕ್ಷತ್ರದ ಚಿತ್ರ, ಎರಡು ತಿಂಗಳಾದ ಮೇಲೆ ಬರೀತಿದೀನಿ

ಮೊದಲೇ ಹೇಳ್ಬಿಡ್ತೀನಿ, ಇದು ದೇವರಾಜ ಅರಸ್ ರೋಡಲ್ಲಿ ಇರೋ ಥರದ ಅಂಗಡಿ ಅಲ್ಲ. ಮೈಸೂರು ಜಯಲಕ್ಷ್ಮೀಪುರಂನಲ್ಲಿ ಒಂದು ಹಳೇ ಮನೆ, ಕೆಳಗೆ ಸಂಸಾರ, ಪಕ್ಕದ ಮೆಟ್ಟಿಲು ಹತ್ತಿ ಮೇಲಕ್ಕೆ ಹೋದ್ರೆ ತಾರಸಿಯಲ್ಲಿ ಶೀಟ್ ಹಾಕಿ ಮಾಡಿರೋ ಉದ್ದನೆ ರೂಮು, ಅದೇ ಸ್ಟುಡಿಯೋ, ಬಾಗಿಲಿಗೆ ಬೋರ್ಡೂ ಇಲ್ಲ. ನಮ್ಮ ಸ್ಕೂಲ್ ಡ್ರಾಯಿಂಗ್ ಮೇಷ್ಟ್ರು ಹೇಳಿದ್ರಿಂದ ನನಗೆ ಗೊತ್ತಾಗಿದ್ದು. ಮನೆ ಅಡ್ರೆಸ್ಸು, ನಂಬರು ಎಲ್ಲೂ ಹಾಕ್ಬೇಡಿ ಸರ್ ಅಂತ ಚಿತ್ರ ಬರೆಯೋರೇ ಕೇಳ್ಕೊಂಡಿದ್ದಾರೆ, ಹಾಗಾಗಿ ಇಲ್ಲಿ ಹಾಕ್ತಿಲ್ಲ. ಅಲ್ಲಿ ಮಾಡೋದು ಬೆಳಕಿನ ವ್ಯತಿಕರಣದಿಂದ, ಅಂದ್ರೆ ಬೆಳಕಿನ ಅಲೆಗಳು ಒಂದರ ಮೇಲೊಂದು ಬೀಳೋದ್ರಿಂದ, ಬಣ್ಣ ಬರೋ ಚಿತ್ರಗಳು, ವಿಷಯ ಪೂರ್ತಿ ಆಕಾಶದ್ದು, ನಕ್ಷತ್ರ, ನೀಹಾರಿಕೆ, ಟೆಲಿಸ್ಕೋಪು. ನಾನು ಮಂಡ್ಯದಲ್ಲಿ ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡೋನು, ಇಪ್ಪತ್ತೆರಡು ವರ್ಷದಿಂದ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಎರಡು ಅಲೆ ಬರೆದು ಉಬ್ಬಿನ ಮೇಲೆ ಉಬ್ಬು ಬಿದ್ರೆ ಬೆಳಕು, ಉಬ್ಬಿನ ಮೇಲೆ ತಗ್ಗು ಬಿದ್ರೆ ಕತ್ತಲು ಅಂತ ಹೇಳ್ತಾ ಬಂದಿದ್ದೀನಿ, ಅದನ್ನ ಗೋಡೆ ಮೇಲೆ ನೇತಾಕೋ ಚಿತ್ರವಾಗಿ ನೋಡಿದ್ದು ಇಲ್ಲೇ ಮೊದಲು.

ಹೋಗಿದ್ದು ಅಪ್ಪಾಜಿಗೋಸ್ಕರ. ಅವರಿಗೆ ಸಂಕ್ರಾಂತಿ ಕಳೆದ ಮೇಲೆ ಬಲಗಣ್ಣಿನ ಪೊರೆ ಆಪರೇಷನ್ ಆಯ್ತು. ಬ್ಯಾಂಡೇಜ್ ಬಿಚ್ಚಿದ ಮಾರನೇ ದಿನ ಬೆಳಿಗ್ಗೆ ಹಿತ್ತಲಿಗೆ ಹೋಗಿ ಶಂಖಪುಷ್ಪದ ಹೂ ನೋಡ್ಕೊಂಡು ನಿಂತ್ಬಿಟ್ಟಿದ್ರು, "ಇದು ಇಷ್ಟು ನೀಲಿ ಇತ್ತೇನ್ಲಾ" ಅಂತ. ವಯಸ್ಸಾಗ್ತಾ ಕಣ್ಣಿನ ಮಸೂರ ಹಳದಿಗೆ ತಿರುಗುತ್ತೆ, ನೀಲಿ ಬೆಳಕನ್ನ ಅದೇ ಹೀರ್ಕೊಂಡ್ಬಿಡುತ್ತೆ, ಅದನ್ನ ತೆಗೆದು ಹೊಸ ಲೆನ್ಸ್ ಹಾಕಿದ ಮೇಲೆ ನೀಲಿ ಮತ್ತೆ ಒಳಗೆ ಬರುತ್ತೆ. ನನಗೆ ಇದು ಗೊತ್ತಿತ್ತು, ಆದ್ರೆ ಅವರ ಮುಖ ನೋಡಿದಾಗ ಗಂಟಲು ಕಟ್ಟಿದ ಹಾಗಾಯ್ತು. ಚಿಕ್ಕವನಿದ್ದಾಗ ಕರೆಂಟ್ ಹೋದ ರಾತ್ರಿಗಳಲ್ಲಿ ಕಣದಲ್ಲಿ ಚಾಪೆ ಹಾಕ್ಕೊಂಡು ನನಗೆ ಚುಕ್ಕಿ ತೋರಿಸಿದೋರು ಅವರು, ಯಾವುದು ರೋಹಿಣಿ, ಯಾವುದು ಮೃಗಶಿರಾ, ಯಾವುದು ಆರಿದ್ರಾ, ಯಾವ ಮಳೆಗೆ ಏನು ಬಿತ್ತಬೇಕು ಅಂತ. ಆ ಕೈಗೆ ಏನಾದ್ರೂ ವಾಪಸ್ ಕೊಡಬೇಕು ಅನ್ನಿಸ್ತು.

ಫೆಬ್ರವರಿ ಕೊನೇಲಿ ಒಂದು ಶನಿವಾರ ಮಧ್ಯಾಹ್ನ ಹೋದೆ. ಚಿತ್ರ ಬರೆಯೋ ಹುಡುಗಿಗೆ ಮೂವತ್ತರ ಆಸುಪಾಸು ಇರಬಹುದು, ನನ್ನ ಹಳೇ ಸ್ಟೂಡೆಂಟ್‌ಗಳ ವಯಸ್ಸು. ಮಾತು ಕಮ್ಮಿ. ಏನು ಬೇಕು, ಎಷ್ಟು ಬಜೆಟ್ಟು ಅಂತ ಕೇಳಲೇ ಇಲ್ಲ, ಒಂದು ಪುಟ್ಟ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ತೋರಿಸಿದ್ರು, ಒಳಗೆ ಹಾಲಿನ ಕೆನೆ ಥರ ಬಿಳಿ ಪೇಸ್ಟು. ಬ್ರಷ್ಷಲ್ಲಿ ಬಿಳಿ ಡ್ರಾಯಿಂಗ್ ಹಾಳೆ ಮೇಲೆ ಒಂದು ಗೀಟು ಎಳೆದ್ರು, ಏನೂ ಕಾಣ್ಲಿಲ್ಲ, ಒದ್ದೆ ಆದ ಹಾಗೆ ಅಷ್ಟೇ. ಅದೇ ಬ್ರಷ್ಷಲ್ಲಿ, ಮತ್ತೆ ಅದ್ದದೇನೇ, ಕಪ್ಪು ಕಾರ್ಡ್ ಮೇಲೆ ಎಳೆದ್ರು. ನೀಲಿ ಸರ್ ಅದು. ನವಿಲುಗರಿ ಕಣ್ಣಿನ ನೀಲಿ. ಕಾರ್ಡನ್ನ ಸ್ವಲ್ಪ ವಾಲಿಸಿದ್ರು, ನೀಲಿ ಹೋಗಿ ಬೂದಿ ಆಯ್ತು, ಇನ್ನೊಂಚೂರು ವಾಲಿಸಿದ್ರೆ ಮತ್ತೆ ಕತ್ತಲು. ಆಮೇಲೆ ಆ ಬಿಳಿ ಹಾಳೆಯನ್ನ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು "ಈಗ ನೋಡಿ ಸರ್" ಅಂದ್ರು, ಏನೂ ಇಲ್ಲ ಅಂದ್ಕೊಂಡಿದ್ದ ಗೀಟು ತೆಳ್ಳಗೆ ಹಳದಿಯಾಗಿ ಕಾಣ್ತು. ನೀಲಿ ವಾಪಸ್ ಚಿಮ್ಮುತ್ತೆ, ಉಳಿದ ಬೆಳಕು ಒಳಗೆ ದಾಟುತ್ತೆ, ಬಿಳಿ ಹಾಳೆ ಆ ಉಳಿದಿದ್ದನ್ನೂ ಹಿಂದಕ್ಕೆ ಕಳಿಸೋದ್ರಿಂದ ಎರಡೂ ಸೇರಿ ಬಿಳಿ ಆಗ್ಬಿಡುತ್ತೆ, ಕಪ್ಪು ಕಾರ್ಡು ಅದನ್ನ ನುಂಗುತ್ತೆ, ಹಾಗಾಗಿ ನೀಲಿ ಒಂದೇ ಉಳಿಯುತ್ತೆ. ಒಂದು ನಿಮಿಷದಲ್ಲಿ, ಒಂದೂ ಸಮೀಕರಣ ಇಲ್ಲದೆ, ನನ್ನ ಒಂದು ಪೀರಿಯಡ್ ಪಾಠ ಮುಗಿಸಿದ್ರು.

ಆ ಪೇಸ್ಟಲ್ಲಿ ಇರೋದು ಏನು ಗೊತ್ತಾ, ಕಾಗೆಬಂಗಾರ. ಹೊಲದಲ್ಲಿ ಮಳೆ ಬಂದು ಹೋದ ಮೇಲೆ ಮಿಣಮಿಣ ಅಂತ ಹೊಳೀತಿತ್ತಲ್ಲ, ಪದರ ಪದರ ಬಿಡಿಸಿ ಆಟ ಆಡ್ತಿದ್ವಲ್ಲ, ಅದೇ. ಅದನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಹಾಳೆಗಳಾಗಿ ಪುಡಿ ಮಾಡಿ, ಪ್ರತಿ ಹಾಳೆಗೂ ಟೈಟಾನಿಯಂ ಡೈಆಕ್ಸೈಡ್ ಲೇಪ ಕೊಡ್ತಾರೆ. ಲೇಪದ ದಪ್ಪ 60ರಿಂದ 80 ನ್ಯಾನೋಮೀಟರ್ ಇದ್ರೆ ಚಿನ್ನದ ಬಣ್ಣ, 80ರಿಂದ 100 ಇದ್ರೆ ಕೆಂಪು, ಅದಕ್ಕಿಂತ ದಪ್ಪ ಆದ್ರೆ ನೀಲಿ, ಇನ್ನೂ ದಪ್ಪ ಆದ್ರೆ ಹಸಿರು. ತಲೆಕೂದಲಿನ ದಪ್ಪವನ್ನ ಸುಮಾರು ಸಾವಿರ ಪಾಲು ಮಾಡಿದ್ರೆ ಅದರಲ್ಲಿ ಒಂದು ಪಾಲು ಅಂದ್ಕೊಳ್ಳಿ. ಲೇಪದ ಮೇಲ್ಮೈಯಿಂದ ವಾಪಸ್ ಬರೋ ಬೆಳಕು, ಕೆಳಮೈಯಿಂದ ವಾಪಸ್ ಬರೋ ಬೆಳಕು, ಇವೆರಡು ಸೇರಿದಾಗ ಒಂದು ಬಣ್ಣ ಜೋರಾಗುತ್ತೆ, ಇನ್ನೊಂದು ಅಳಿಸಿಹೋಗುತ್ತೆ. ನಾಲ್ಕೂ ಬಣ್ಣದ ಡಬ್ಬಿಯಲ್ಲಿ ಇರೋದು ಒಂದೇ ವಸ್ತು, ಅದಕ್ಕೆ ಸ್ವಂತ ಬಣ್ಣ ಅಂತ ಏನೂ ಇಲ್ಲ, ದಪ್ಪ ಮಾತ್ರ ಬೇರೆ. ಮಳೆಗಾಲದಲ್ಲಿ ಮಂಡ್ಯ ಬಸ್ ಸ್ಟ್ಯಾಂಡಲ್ಲಿ ನೀರು ನಿಂತಿರೋ ಕಡೆ ಡೀಸೆಲ್ ಸೋರಿ ಕಾಮನಬಿಲ್ಲು ಹರಡಿರುತ್ತಲ್ಲ, ಅದೂ ಇದೇ. ನವಿಲುಗರಿ ಬಣ್ಣವೂ ಹೀಗೆ ರಚನೆಯಿಂದಲೇ ಬರೋದು, ಗರಿಯನ್ನ ಅರೆದು ಪುಡಿ ಮಾಡಿದ್ರೆ ಉಳಿಯೋದು ಕಂದು ಬಣ್ಣ. ನಮ್ಮ ರಾಜ್ಯಪಕ್ಷಿ ನೀಲಕಂಠದ ಗರಿಯಲ್ಲಿ ನೀಲಿ ಎಲ್ಲಿಂದ ಬಂತು ಅಂತ ಸಿ.ವಿ. ರಾಮನ್ 1934ರಲ್ಲೇ ಕೂತು ಪರೀಕ್ಷೆ ಮಾಡಿ ಬರೆದಿದ್ದರು.

ರೂಮಲ್ಲಿ ಹದಿನೈದು ಇಪ್ಪತ್ತು ಚಿತ್ರ ಇದ್ವು, ಎಲ್ಲಾನೂ ಒಂದೇ ಮಟ್ಟದ್ದಲ್ಲ, ಇದನ್ನ ಅವರಿಗೂ ಹೇಳಿದ್ದೀನಿ, ಇಲ್ಲೂ ಹೇಳ್ತೀನಿ. ಗೌರಿಬಿದನೂರಿನ ರೇಡಿಯೋ ಟೆಲಿಸ್ಕೋಪ್ ಮೇಲೆ ಮಾಡಿರೋ ಒಂದು ಚಿತ್ರ ನನಗೆ ತುಂಬಾ ಹಿಡಿಸ್ತು. ಅದು ಬೋಗುಣಿ ಥರ ಇರೋ ಟೆಲಿಸ್ಕೋಪ್ ಅಲ್ಲ, ಬಯಲಲ್ಲಿ ಕಂಬ ನೆಟ್ಟು ತಂತಿ ಎಳೆದ ಹಾಗೆ, ಇಂಗ್ಲಿಷ್ ಟೀ ಅಕ್ಷರದ ಆಕಾರದಲ್ಲಿ ಹರಡಿಕೊಂಡಿದೆ, ಪೂರ್ವ ಪಶ್ಚಿಮದ ತೋಳೇ 1.4 ಕಿಲೋಮೀಟರ್. ಬೇರೆ ಬೇರೆ ಕಡೆ ಸಿಕ್ಕ ಅಲೆಗಳನ್ನ ಒಂದಕ್ಕೊಂದು ಸೇರಿಸಿ ಆಕಾಶದ ನಕ್ಷೆ ಮಾಡ್ತಾರೆ, ಅಲ್ಲೂ ಕೆಲಸ ಮಾಡೋದು ವ್ಯತಿಕರಣನೇ. ಚಿತ್ರದಲ್ಲಿ ಒಣಗಿದ ಹುಲ್ಲು, ಸಾಲು ಕಂಬ, ಮೇಲೆ ಕಪ್ಪು ಆಕಾಶದಲ್ಲಿ ಪಟ್ಟೆ ಪಟ್ಟೆಯಾಗಿ ಹಸಿರು, ನಡೀತಾ ನೋಡಿದ್ರೆ ಪಟ್ಟೆಗಳು ಆಕಾಶದಲ್ಲಿ ಸರಿದ ಹಾಗಾಗುತ್ತೆ. ಆದ್ರೆ ಪಕ್ಕದಲ್ಲೇ ಇದ್ದ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಚಿತ್ರ, 2019ರ ಏಪ್ರಿಲ್ 10ಕ್ಕೆ ಪ್ರಪಂಚಕ್ಕೆಲ್ಲಾ ತೋರಿಸಿದ್ರಲ್ಲ ಎಂ 87 ಗ್ಯಾಲಕ್ಸಿಯ ಆ ಕಿತ್ತಳೆ ಉಂಗುರ, ಅದನ್ನ ಹಾಗ್ಹಾಗೇ ಚಿನ್ನದ ಹೊಳಪಲ್ಲಿ ಮಾಡಿದ್ದಾರೆ, ಅದು ನನಗೆ ಒಪ್ಪಿಗೆ ಆಗ್ಲಿಲ್ಲ. ಆ ಫೋಟೋಗೂ ಭೂಮಿ ಮೇಲೆ ಬೇರೆ ಬೇರೆ ಕಡೆ ಇರೋ ರೇಡಿಯೋ ಟೆಲಿಸ್ಕೋಪ್‌ಗಳ ಅಲೆ ಜೋಡಿಸಿದ್ದು ನಿಜ, ಆದ್ರೆ 1.3 ಮಿಲಿಮೀಟರ್ ಅಲೆಗೆ ಕಿತ್ತಳೆ ಬಣ್ಣ ಇರಲ್ಲ, ಅದು ನಮ್ಮ ಕಣ್ಣಿಗೋಸ್ಕರ ಹಾಕಿದ ಬಣ್ಣ. ಅಲ್ಲಿ ಹೊಳೆಯೋ ಪೇಂಟ್ ಹಾಕಿದ್ದು ಬರೀ ಅಲಂಕಾರ ಆಯ್ತು. ಹಾಗೇ ಜೇಮ್ಸ್ ವೆಬ್ ಟೆಲಿಸ್ಕೋಪ್ ನೋಡಿದ ನೀಹಾರಿಕೆ ಅಂತ ಒಂದಿದೆ, ಅದರಲ್ಲಿ ನಕ್ಷತ್ರಗಳಿಗೆ ಆರು ದೊಡ್ಡ ಕಿರಣ, ಅಡ್ಡಕ್ಕೆ ಎರಡು ಸಣ್ಣದು, ಸರಿಯಾಗಿ ಹಾಕಿದ್ದಾರೆ, ಷಟ್ಕೋನದ ಕನ್ನಡಿಯಿಂದ, ಅದರ ಎದುರಿನ ಸಣ್ಣ ಕನ್ನಡಿ ಹಿಡಿದಿರೋ ಕಂಬಗಳಿಂದ ಬೆಳಕು ಬಾಗಿ ಬರೋ ಕಿರಣ ಅವು, ಹಬಲ್‌ದಾದ್ರೆ ನಾಲ್ಕೇ. ಇಷ್ಟು ಗಮನ ಕೊಟ್ಟೋರು ಮೇಲುಕೋಟೆ ಬೆಟ್ಟದ ರಾತ್ರಿ ಚಿತ್ರದಲ್ಲೂ ನಕ್ಷತ್ರಕ್ಕೆ ಅದೇ ಆರು ಕಿರಣ ಯಾಕೆ ಹಾಕಬೇಕಿತ್ತು? ಬೆಟ್ಟದ ಮೇಲೆ ನಿಂತು ಬರಿಗಣ್ಣಲ್ಲಿ ನೋಡೋನಿಗೆ ಹಾಗೆ ಕಾಣಲ್ಲ. ಹೇಳ್ದಾಗ ಒಂದು ಗಳಿಗೆ ನೋಡಿ, "ಹೌದು ಸರ್, ಅದು ತಪ್ಪೇ" ಅಂದ್ರು. ಆ ಮಾತಿಗೆ ನನಗೆ ಅವರ ಮೇಲೆ ನಂಬಿಕೆ ಬಂತು.

ಅಪ್ಪಾಜಿಗೆ ಏನು ಮಾಡ್ಸೋದು ಅಂತ ಮಾತಾಡ್ತಾ ಆರಿದ್ರಾ ವಿಷಯ ಬಂತು. ಆರಿದ್ರಾ ಅಂದ್ರೆ ಇಂಗ್ಲಿಷಲ್ಲಿ ಬೀಟಲ್‌ಜ್ಯೂಸ್, ಮೂರು ಚುಕ್ಕಿ ಸಾಲಾಗಿ ಇರುತ್ತಲ್ಲ, ಅದರ ಒಂದು ಕಡೆ ಕೆಂಪಗೆ ಉರಿಯೋದು. ಸೂರ್ಯನ್ನ ಬಿಟ್ರೆ ಮನುಷ್ಯ ಮೊಟ್ಟಮೊದಲು ಅಗಲ ಅಳೆದ ನಕ್ಷತ್ರ ಅದೇ, ಅಳೆದಿದ್ದು ವ್ಯತಿಕರಣದಿಂದ ಅಂತ ನಾನು ಅಂದೆ. ಆ ಹುಡುಗಿ ಒಂದು ನೋಟ್ ಬುಕ್ ತೆಗೆದು ಮುಂದಿಟ್ರು, ಅದರಲ್ಲಿ ಆಗಲೇ ಪೆನ್ಸಿಲ್ ಸ್ಕೆಚ್ ಇತ್ತು. ಎರಡು ವರ್ಷದಿಂದ ಮನಸ್ಸಲ್ಲಿ ಇಟ್ಕೊಂಡಿದ್ದಾರಂತೆ, ಕೇಳೋರು ಯಾರೂ ಬಂದಿರಲಿಲ್ವಂತೆ. ನಿಂತಲ್ಲೇ ಒಪ್ಪಿಕೊಂಡೆ.

ಆ ಅಳತೆ ನಡೆದಿದ್ದು 1920ರ ಡಿಸೆಂಬರ್ 13ರ ರಾತ್ರಿ, ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ. 100 ಇಂಚಿನ ಟೆಲಿಸ್ಕೋಪ್, ಆ ಕಾಲಕ್ಕೆ ಪ್ರಪಂಚದಲ್ಲೇ ದೊಡ್ಡದು. ಅದರ ಬಾಯಿಗೆ ಅಡ್ಡಲಾಗಿ 20 ಅಡಿ ಉದ್ದದ ಉಕ್ಕಿನ ತೊಲೆ ಕಟ್ಟಿದ್ರು, ತೊಲೆ ಮೇಲೆ ಆ ಕಡೆ ಒಂದು ಈ ಕಡೆ ಒಂದು ಕನ್ನಡಿ. ಯೋಚನೆ ಭೌತವಿಜ್ಞಾನಿ ಮೈಕೆಲ್ಸನ್ ಅವರದ್ದು, ರಾತ್ರಿ ಕೂತು ನೋಡಿದೋರು ಖಗೋಳ ವಿಜ್ಞಾನಿ ಪೀಸ್. ಎರಡು ಕನ್ನಡಿಯಿಂದ ಬಂದ ಒಂದೇ ನಕ್ಷತ್ರದ ಬೆಳಕು ಸೇರಿದಾಗ ಕಪ್ಪು ಬಿಳಿ ಪಟ್ಟೆ ಏಳುತ್ತೆ. ನಕ್ಷತ್ರ ಬರೀ ಚುಕ್ಕಿ ಆಗಿದ್ರೆ ಕನ್ನಡಿಗಳನ್ನ ಎಷ್ಟು ದೂರ ಸರಿಸಿದ್ರೂ ಪಟ್ಟೆ ಇರಬೇಕು. ಆದ್ರೆ ಅದಕ್ಕೂ ಒಂದು ಅಗಲ ಅಂತ ಇದ್ರೆ, ಎಡ ಅಂಚಿನ ಬೆಳಕು ತನ್ನದೇ ಪಟ್ಟೆ ಹಾಕುತ್ತೆ, ಬಲ ಅಂಚಿನ ಬೆಳಕು ತನ್ನದೇ ಪಟ್ಟೆ ಹಾಕುತ್ತೆ, ಕನ್ನಡಿಗಳು ದೂರ ಹೋಗ್ತಾ ಹೋಗ್ತಾ ಒಂದರ ಬೆಳಕಿನ ಗೆರೆ ಇನ್ನೊಂದರ ಕತ್ತಲೆ ಗೆರೆ ಮೇಲೆ ಬಿದ್ದು ಎಲ್ಲಾ ಕಲಸಿ ಒಂದೇ ಸಮ ಆಗ್ಬಿಡುತ್ತೆ. 121 ಇಂಚು, ಅಂದ್ರೆ ಹತ್ತಡಿ ಚಿಲ್ಲರೆ ದೂರಕ್ಕೆ ಬಂದಾಗ ಆರಿದ್ರಾ ಪಟ್ಟೆ ಮಾಯ ಆಯ್ತು. ಹಾಗೆ ಮಾಯ ಆಗಿದ್ದರಲ್ಲೇ ಲೆಕ್ಕ ಸಿಕ್ತು, 0.047 ಆರ್ಕ್ ಸೆಕೆಂಡ್ (ಒಂದು ಡಿಗ್ರಿ ಕೋನವನ್ನ 3,600 ಪಾಲು ಮಾಡಿದ್ರೆ ಒಂದು ಪಾಲು ಒಂದು ಆರ್ಕ್ ಸೆಕೆಂಡ್). ಮಕ್ಕಳಿಗೆ ನಾನು ಹೇಳೋದು ಹೀಗೆ: ಬೆಂಗಳೂರಲ್ಲಿ ಯಾರೋ ಒಂದು ರೂಪಾಯಿ ನಾಣ್ಯ ಹಿಡ್ಕೊಂಡು ನಿಂತಿದ್ದಾರೆ, ನೀನು ಮಂಡ್ಯದಿಂದ ಅದರ ಅಗಲ ಅಳೀಬೇಕು, ಅಷ್ಟು.

ಈಗ ಚಿತ್ರಕ್ಕೆ ಬರ್ತೀನಿ. ನಾಲ್ಕು ಹಲಗೆ, ಒಂದೊಂದೂ 12 ಇಂಚು ಅಗಲ 16 ಇಂಚು ಎತ್ತರ, ಅಕ್ಕಪಕ್ಕ ನೇತಾಕೋದು. ಎಲ್ಲದರ ನೆಲವೂ ಕಪ್ಪು, ನಡುವೆ ಅಂಗೈಯಷ್ಟು ದೊಡ್ಡ ಕೆಂಡದ ಬಣ್ಣದ ಗುಂಡು, ಅಂಚು ಚೂಪಾಗಿಲ್ಲ, ಒಲೆ ಮೇಲಿನ ಬಿಸಿಗಾಳಿ ಹಾಗೆ ಅಲುಗಿದೆ. ಗುಂಡಿನ ಮೇಲೆ ಉದ್ದುದ್ದ ಸಣ್ಣ ಪಟ್ಟೆಗಳು, ಒಂದಕ್ಕೊಂದು ಸುಮಾರು ಒಂದು ಅಕ್ಕಿಕಾಳಿನ ಅಗಲ ಜಾಗ ಬಿಟ್ಟು. ಮೊದಲನೇ ಹಲಗೆಯಲ್ಲಿ ಪಟ್ಟೆ ಖಡಕ್ಕಾಗಿದೆ, ನೀಲಿ ಮತ್ತು ಕೆಂಡ, ನೀಲಿ ಮತ್ತು ಕೆಂಡ. ಎರಡನೇದರಲ್ಲಿ ಪಟ್ಟೆ ಸಣ್ಣ ಆಗಿ ಒತ್ತೊತ್ತಾಗಿದೆ, ನೀಲಿ ಸ್ವಲ್ಪ ಸೋತಿದೆ. ಮೂರನೇದರಲ್ಲಿ ನೇರ ನಿಂತು ನೋಡಿದ್ರೆ ಇಲ್ಲ ಅನ್ಸುತ್ತೆ, ಎರಡು ಹೆಜ್ಜೆ ಎಡಕ್ಕೆ ಸರಿದ್ರೆ ಉಸಿರು ಬಂದ ಹಾಗೆ ಎದ್ದು ಬರುತ್ತೆ. ನಾಲ್ಕನೇದರಲ್ಲಿ ಎಲ್ಲಿಂದ ನೋಡಿದ್ರೂ ಪಟ್ಟೆ ಇಲ್ಲ, ಗುಂಡು ಮಾತ್ರ. ಬೇರೆ ಯಾರಾದ್ರೂ ಆಗಿದ್ರೆ ನಾಲ್ಕನೇ ಹಲಗೆಯಲ್ಲೇ ಎಲ್ಲಾ ಬಣ್ಣ ಸುರೀತಿದ್ರು, ಕೊನೇದು ಭರ್ಜರಿಯಾಗಿ ಇರಬೇಕು ಅಂತ. ಈ ಹುಡುಗಿ ಅದನ್ನ ಸುಮ್ಮನೆ ಬಿಟ್ಟಿದ್ದಾರೆ. ಗೆರೆ ಅಳಿಸಿದ ಜಾಗದಲ್ಲೇ ನಕ್ಷತ್ರದ ಅಗಲ ಸಿಕ್ಕಿದ್ದು ಅನ್ನೋದು ಅವರಿಗೆ ಮನಸ್ಸಿಗೆ ಇಳಿದಿದೆ. ಈ ಸ್ಟುಡಿಯೋ ಬಗ್ಗೆ ನಾನು ಇಷ್ಟು ಉದ್ದ ಬರೀತಿರೋದೇ ಆ ನಾಲ್ಕನೇ ಹಲಗೆಗೋಸ್ಕರ.

ಇನ್ನೊಂದು ಕೈಚಳಕ ಹೇಳಲೇಬೇಕು. ಇವರು ಮೊದಲು ಮೈಸೂರು ಶೈಲಿ ಚಿತ್ರ ಕಲಿತೋರು, ದೇವರ ಒಡವೆ, ಕಿರೀಟ, ಪ್ರಭಾವಳಿಗೆ ಮಕ್ಕಿ ಸಫೇದ ಅನ್ನೋ ಅಂಟಿನ ಲೇಪ ಇಟ್ಟು ಸ್ವಲ್ಪ ಉಬ್ಬಿಸಿ ಮೇಲೆ ಚಿನ್ನದ ರೇಕು ಅಂಟಿಸ್ತಾರಲ್ಲ, ಆ ವಿದ್ಯೆ. ತಂಜಾವೂರಿನದರಷ್ಟು ದಪ್ಪ ಉಬ್ಬಲ್ಲ, ಮೈಸೂರಿನದು ತೆಳು, ಬೆರಳಾಡಿಸಿದ್ರೆ ಮಾತ್ರ ಗೊತ್ತಾಗುತ್ತೆ. ಪಟ್ಟೆಗಳನ್ನ ಇವರು ಅದೇ ಥರ ಉಬ್ಬಿಸಿದ್ದಾರೆ, ಆದ್ರೆ ಒಂದು ಪಕ್ಕ ಮಾತ್ರ ಇಳಿಜಾರು, ಆ ಇಳಿಜಾರಿಗೆ ಮಾತ್ರ ನೀಲಿ ವ್ಯತಿಕರಣದ ಬಣ್ಣ. ಅದಕ್ಕೇ ಎಡಕ್ಕೆ ಸರಿದಾಗ ಎದ್ದು ಬರೋದು, ಬಲಕ್ಕೆ ಸರಿದಾಗ ಮಲಗೋದು. ನೂರಾರು ವರ್ಷದಿಂದ ಅರಮನೆ ಊರಲ್ಲಿ ದೇವರ ಕಿರೀಟಕ್ಕೆ ಬಳಸ್ತಾ ಬಂದಿರೋ ಕೆಲಸ ನಕ್ಷತ್ರದ ಪಟ್ಟೆಗೆ ಬಂತಲ್ಲ, ನನಗಂತೂ ಬಹಳ ಖುಷಿ ಆಯ್ತು.

ದುಡ್ಡಿನ ಮಾತು. ನಾಲ್ಕು ಹಲಗೆಗೆ 14,500, ಫ್ರೇಮ್ ಬೇರೆ. ಮುಂಗಡ 5,000 ಕೊಟ್ಟಿದ್ದೆ. ಮೂರು ವಾರ ಅಂದಿದ್ರು, ಏಳು ವಾರ ಆಯ್ತು. ನಡುವೆ ಎರಡು ಸಲ ಫೋನ್ ಮಾಡ್ದಾಗ ಎತ್ತಲಿಲ್ಲ, ಅದು ಬೇಜಾರಾಯ್ತು, ಒಂದು ಮೆಸೇಜ್ ಹಾಕಿದ್ರೂ ಸಾಕಿತ್ತು. ಆಮೇಲೆ ಗೊತ್ತಾಗಿದ್ದು ಮೂರನೇ ಹಲಗೆಯನ್ನ ಎರಡು ಸಲ ಕೆರೆದು ತೆಗೆದು ಮತ್ತೆ ಮಾಡಿದ್ದಾರೆ ಅಂತ. ಕೆಲಸ ನೋಡಿದ ಮೇಲೆ ಏಳು ವಾರಕ್ಕೆ ನನಗೆ ಬೇಸರ ಉಳಿದಿಲ್ಲ, ಆದ್ರೆ ಗೃಹಪ್ರವೇಶ, ಮದುವೆ ಥರ ಡೇಟ್ ಇಟ್ಕೊಂಡು ಮಾಡಿಸೋರು ಎರಡು ತಿಂಗಳು ಮೊದಲೇ ಹೇಳಿ. ಫ್ರೇಮ್ ವಿಷಯದಲ್ಲಿ ತಪ್ಪು ಆಗಿದ್ದು ಬೇರೆ ಕಡೆ. ಒಂದು ಅಂಗಡಿಗೆ ಕೊಟ್ಟಿದ್ದೆ, ಗ್ಲಾಸ್ ಹಾಕ್ಬೇಡಿ ಅಂತ ಚೀಟಿಯಲ್ಲಿ ಬರೆಸಿದ್ರೂ ಹಾಕ್ಬಿಟ್ಟಿದ್ರು. ಗ್ಲಾಸಲ್ಲಿ ಟ್ಯೂಬ್‌ಲೈಟು, ಫ್ಯಾನು, ಎದುರು ನಿಂತಿರೋ ನನ್ನ ಷರ್ಟು, ಎಲ್ಲಾ ಕಾಣ್ತಿತ್ತು, ನೀಲಿ ಮಾತ್ರ ಕಾಣ್ತಿರಲಿಲ್ಲ. ಬಿಚ್ಚಿಸಿ ಮತ್ತೆ ಮಾಡ್ಸೋಕೆ 1,200 ಹೆಚ್ಚಿಗೆ ಹೋಯ್ತು. ಇಂಥ ಚಿತ್ರ ತಗೊಳ್ಳೋರು ಫ್ರೇಮ್ ಅಂಗಡಿಯಲ್ಲಿ ಎದುರಿಗೇ ನಿಂತು ಮಾಡಿಸಿ, ಇಲ್ಲಾಂದ್ರೆ ಸ್ಟುಡಿಯೋದಲ್ಲೇ ಬರೀ ಮರದ ಪಟ್ಟಿ ಹಾಕಿಸ್ಕೊಳ್ಳಿ.

ಈ ಸ್ಟುಡಿಯೋದ ಒಂದು ಸರ್ವಿಸ್ ಬೇರೆ ಎಲ್ಲೂ ನೋಡಿಲ್ಲ. ಕೊಡೋ ಮುಂಚೆ ಗೋಡೆ ನೋಡ್ಬೇಕು ಅಂತಾರೆ. ಮೈಸೂರೊಳಗೆ ಫ್ರೀ, ಮಂಡ್ಯಕ್ಕೆ ಬರೋಕೆ 500 ತಗೊಂಡ್ರು. ಬೆಳಿಗ್ಗೆ ಟ್ರೈನಲ್ಲಿ ಬಂದು, ಕಾಫಿ ಕುಡಿದು, ನಮ್ಮ ಹಾಲಲ್ಲಿ ಒಂದು ಗಂಟೆ ಓಡಾಡಿದ್ರು. ನಾನು ಟಿವಿ ಮೇಲೆ ಹಾಕೋಣ ಅಂದ್ಕೊಂಡಿದ್ದೆ, ಬೇಡ ಅಂದ್ರು, ಅಲ್ಲಿ ಎದುರಿಗೆ ಟ್ಯೂಬ್‌ಲೈಟ್ ಇದೆ, ಅದರ ಬೆಳಕು ಎಲ್ಲಾ ಕಡೆಯಿಂದ ಒಂದೇ ಸಮ ಬೀಳುತ್ತೆ, ಪಟ್ಟೆ ಎದ್ದೇಳಲ್ಲ. ಪೂರ್ವದ ಕಿಟಕಿ ಪಕ್ಕದ ಗೋಡೆ ಆರಿಸಿದ್ರು, ಬೆಳಕು ಪಕ್ಕದಿಂದ ಓರೆಯಾಗಿ ಬರೋ ಜಾಗ. ಆಮೇಲೆ ಅಪ್ಪಾಜಿಯನ್ನ ಅವರ ಒರಗು ಕುರ್ಚಿಯಲ್ಲಿ ಕೂರಿಸಿ, "ತಾತ, ನೇರ ನೋಡಿ, ಅಲ್ಲಾಡ್ಬೇಡಿ" ಅಂತ ಟೇಪ್ ಹಿಡಿದು ನೆಲದಿಂದ ಕಣ್ಣಿಗೆ ಎಷ್ಟು ಎತ್ತರ ಅಂತ ಅಳೆದ್ರು. ಮೂರಡಿ ಹತ್ತಿಂಚು. ನಾವು ನಿಂತು ನೋಡೋ ಎತ್ತರಕ್ಕೆ ಮೊಳೆ ಹೊಡೆದಿದ್ರೆ ಕೂತ್ಕೊಂಡು ನೋಡೋ ಅಪ್ಪಾಜಿಗೆ ಬರೀ ಕಪ್ಪು ಹಲಗೆ ಕಾಣ್ತಿತ್ತು. ಗೋಡೆಯಿಂದ ಕುರ್ಚಿಗೆ ಒಂದು ಮಾರು ಜಾಸ್ತಿ ಜಾಗ ಬಿಡಿ, ಓಡಾಡೋ ದಾರಿಯಲ್ಲಿ ಚಿತ್ರ ಇರಲಿ, ಸಂಜೆಗೆ ಮೇಲಿಂದ ಓರೆಯಾಗಿ ಬೀಳೋ ಒಂದೇ ಒಂದು ಲೈಟ್ ಸಾಕು ಅಂದ್ರು. ಆ ಲೈಟ್ 350ಕ್ಕೆ ಸಿಕ್ತು.

ಏಪ್ರಿಲಲ್ಲಿ ಹಲಗೆಗಳು ಬಂದ್ವು. ಹಳೇ ದುಪ್ಪಟಿಗಳಲ್ಲಿ ಸುತ್ತಿ, ನಡುವೆ ಥರ್ಮಾಕೋಲ್ ಇಟ್ಟು, ಮೈಸೂರಿಂದ ಟ್ರೈನಲ್ಲಿ ತೊಡೆ ಮೇಲೆ ಇಟ್ಕೊಂಡೇ ತಂದೆ. ನೇತಾಕಿದ ದಿನ ಅಪ್ಪಾಜಿ ಮೊದಲು ಏನೂ ಮಾತಾಡ್ಲಿಲ್ಲ. ಎದ್ದು ಹತ್ರ ಹೋದ್ರು, ಹಿಂದಕ್ಕೆ ಬಂದ್ರು, ಮತ್ತೆ ಹೋದ್ರು. "ಇದೇನ್ಲಾ ಮಗ, ಬಣ್ಣ ಓಡಾಡ್ತಾ ಐತೆ" ಅಂದ್ರು. ಆಮೇಲೆ ಅವರೇ ಕಂಡ್ಕೊಂಡಿದ್ದು ಇದು, ನಾನು ಹೇಳ್ಕೊಟ್ಟಿದ್ದಲ್ಲ: ಎಡಗಣ್ಣಿಗೆ ಇನ್ನೂ ಆಪರೇಷನ್ ಆಗಿಲ್ಲ, ಪೊರೆ ಇದೆ. ಅಂಗೈಯಲ್ಲಿ ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದ್ರು, ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದ್ರು, ಹೀಗೇ ನಾಲ್ಕೈದು ಸಲ. "ಈ ಕಣ್ಣಿಗೆ ಮೂರು ಹಲಗೇಲೂ ಗೆರೆ ಐತೆ, ಈ ಕಣ್ಣಿಗೆ ಒಂದರಲ್ಲೇ, ಅದೂ ಹಸುರು ಹಸುರು" ಅಂದ್ರು. ನೀಲಿ ಪೊರೆಯೊಳಗೆ ಸಿಕ್ಕಿ ಹಾಕ್ಕೊಳ್ತಿದೆ, ಅಷ್ಟೇ, ಆದ್ರೆ ಅವರು ಹಾಗೆ ಒಂದೊಂದೇ ಕಣ್ಣು ಮುಚ್ಕೊಂಡು ನಿಂತಿದ್ದು ನೋಡ್ತಾ ನಾನು ಕ್ಲಾಸಲ್ಲಿ ಇಷ್ಟು ವರ್ಷ ಏನು ಹೇಳ್ತಿದ್ದೆ ಅನ್ನೋದು ನನಗೇ ಮೊದಲ ಸಲ ಕಣ್ಣೆದುರಿಗೆ ಬಂದ ಹಾಗಾಯ್ತು.

ನಾಲ್ಕನೇ ಹಲಗೆ ಮುಂದೆ ನಿಂತು "ಇದರಲ್ಲಿ ಗೆರೆ ಹಾಕೋದು ಮರೆತವ್ಳೇನೋ" ಅಂದ್ರು. ಮೈಕೆಲ್ಸನ್ ಕಥೆ ಪೂರ್ತಿ ಹೇಳ್ದೆ, ತೊಲೆ, ಕನ್ನಡಿ, 121 ಇಂಚು. ಕೇಳಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಗದ್ದೆ ಅಳೆಯೋಕೆ ಸರಪಳಿ ಹಿಡ್ಕೊಂಡು ಬರ್ತಿದ್ದ ಸರ್ವೆಯವರ ಜೊತೆ ತಾನು ಓಡಾಡಿದ್ದು ಹೇಳಿದ್ರು, ಸರಪಳಿ ಎಲ್ಲಿ ಮುಗೀತೋ ಅಲ್ಲೇ ಗೂಟ ಹೊಡೀಬೇಕು ಅಂತ. ಈಗ ಮನೆಗೆ ಯಾರು ಬಂದ್ರೂ ನಾಲ್ಕನೇ ಹಲಗೆ ಕಥೆ ಅವರೇ ಹೇಳೋದು.

ಎರಡು ತಿಂಗಳಾಗಿದೆ, ಬಳಕೆಯ ಮಾತು ಸ್ವಲ್ಪ ಹೇಳ್ತೀನಿ. ಬಣ್ಣ ಒಂಚೂರೂ ಮಾಸಿಲ್ಲ, ಮಾಸೋಕೆ ಅಲ್ಲಿ ಬಿಸಿಲಿಗೆ ಹಾಳಾಗೋ ಡೈ ಇಲ್ಲ, ಖನಿಜದ ಪದರ ಇರೋದು. ಧೂಳು ಮಾತ್ರ ದೊಡ್ಡ ತಲೆನೋವು, ಗ್ಲಾಸ್ ಇಲ್ಲದಿರೋದ್ರಿಂದ ವಾರಕ್ಕೊಮ್ಮೆ ಮೆತ್ತನೆ ಬ್ರಷ್ಷಲ್ಲಿ ಗುಡಿಸಬೇಕು. ಒದ್ದೆ ಬಟ್ಟೆ ಮುಟ್ಟಿಸ್ಬೇಡಿ ಅಂತ ಮನೆಯವಳಿಗೂ ಕೆಲಸದೋಳಿಗೂ ಹೇಳಿದ್ದೀನಿ, ಮಕ್ಕಿ ಸಫೇದದ ಕೆಲಸ ನೀರಿಗೆ ಆಗಲ್ಲ. ಫೋನಲ್ಲಿ ಫೋಟೋ ತೆಗೆಯೋ ಆಸೆ ಬಿಟ್ಬಿಡಿ, ಫ್ಲ್ಯಾಶ್ ಹಾಕಿದ್ರೆ ಬಿಳಿ ಮಚ್ಚೆ, ಹಾಕದಿದ್ರೆ ಕಪ್ಪು ಹಲಗೆ. ಹಾಗಾಗಿ ಇವರ ಕೆಲಸವನ್ನ ವಾಟ್ಸಾಪಲ್ಲಿ ಬಂದ ಫೋಟೋ ನೋಡಿ ಬೇಕು ಬೇಡ ಅಂತ ತೀರ್ಮಾನ ಮಾಡ್ಬೇಡಿ, ಹೋಗಿ ಎದುರಿಗೆ ನಿಂತು ಹತ್ತು ಹೆಜ್ಜೆ ಆ ಕಡೆ ಈ ಕಡೆ ಓಡಾಡಿ. ಶೀಟಿನ ಮನೆ, ಮಧ್ಯಾಹ್ನ ಬಿಸಿಲು ಹೊತ್ತಲ್ಲಿ ಒಳಗೆ ಸುಡುತ್ತೆ, ಬೆಳಿಗ್ಗೆ ಹೋಗಿ, ಬೆಳಿಗ್ಗೆ ಬೆಳಕಲ್ಲಿ ಚಿತ್ರನೂ ಚೆನ್ನಾಗಿ ಕಾಣುತ್ತೆ. ಮೆಟ್ಟಿಲು ಕಡಿದಾಗಿದೆ, ಪಕ್ಕದಲ್ಲಿ ಹಿಡ್ಕೊಳ್ಳೋಕೆ ಕಂಬಿ ಇಲ್ಲ, ವಯಸ್ಸಾದೋರಿಗೆ ಹತ್ತೋದು ಕಷ್ಟ, ಅದೊಂದನ್ನ ಅವರು ಸರಿ ಮಾಡ್ಸಲೇಬೇಕು. ಸೋಫಾ ಕಲರ್‌ಗೆ ಮ್ಯಾಚ್ ಆಗೋ ಚಿತ್ರ ಬೇಕು ಅನ್ನೋರಿಗೆ ಇಲ್ಲಿ ಸಿಗೋದು ಕಮ್ಮಿ. ಮಕ್ಕಳಿಗೆ ಏನಾದ್ರೂ ಬೇಕು ಅಂದ್ರೆ 600 ರೂಪಾಯಿಗೆ ಪೋಸ್ಟ್‌ಕಾರ್ಡ್ ಅಳತೆಯ ಸಣ್ಣ ಹಲಗೆಗಳಿವೆ, ಕೃತ್ತಿಕೆ, ಶನಿ ಉಂಗುರ ಇವೆಲ್ಲಾ, ನಾನು ಎರಡು ತಂದು ಸ್ಕೂಲಲ್ಲಿ ಇಟ್ಟಿದ್ದೀನಿ, ಎಂಟನೇ ಕ್ಲಾಸಿನ ಮಕ್ಕಳು ಕಿತ್ತಾಡಿಕೊಂಡು ವಾಲಿಸಿ ವಾಲಿಸಿ ನೋಡ್ತಾರೆ.

ಇನ್ನೊಂದು ವಾರಕ್ಕೆ ಆರಿದ್ರಾ ಮಳೆ ಶುರು. ಆ ಮಳೆ ಹುಯ್ಯೋ ಹೊತ್ತಲ್ಲಿ ಆರಿದ್ರಾ ನಕ್ಷತ್ರ ಆಕಾಶದಲ್ಲಿ ಕಾಣಲ್ಲ, ಯಾಕಂದ್ರೆ ಸೂರ್ಯ ಆಗ ಆ ಕಡೆಗೇ ಇರ್ತಾನೆ, ಹಗಲಿನ ಬೆಳಕಲ್ಲಿ ಅದು ಮುಳುಗಿರುತ್ತೆ, ಮಳೆಗೆ ಆ ಹೆಸರು ಬಂದಿದ್ದೇ ಹಾಗೆ. ಈ ಸಲ ನಮ್ಮ ಮನೆ ಗೋಡೆ ಮೇಲೆ ಇದೆ. ಅಪ್ಪಾಜಿಯ ಎಡಗಣ್ಣಿನ ಆಪರೇಷನ್ ಮುಂದಿನ ತಿಂಗಳು. ಅದಾದ ಮೇಲೆ ರೋಹಿಣಿನೂ ಮಾಡ್ಸು ಅಂತ ಹೇಳಿದ್ದಾರೆ. ಸ್ಟುಡಿಯೋಗೆ ಫೋನ್ ಮಾಡಿದ್ದೆ, ಈ ಸಲ ಮೊದಲನೇ ರಿಂಗಿಗೇ ಎತ್ತಿದ್ರು. ರೋಹಿಣಿ ಮುಂದೆ ಚಂದ್ರ ಹಾದು ಹೋಗುವಾಗ ನಕ್ಷತ್ರ ಟಪ್ಪಂತ ಆರಲ್ಲ ಸರ್, ಚಂದ್ರನ ಅಂಚಲ್ಲಿ ಬೆಳಕು ಬಾಗಿ ಒಂದು ಕ್ಷಣದೊಳಗೆ ಪಟ್ಟೆ ಪಟ್ಟೆಯಾಗಿ ಮಿನುಗಿ ಹೋಗುತ್ತೆ, ಆ ಮಿನುಗಿಂದಲೂ ನಕ್ಷತ್ರದ ಅಗಲ ಅಳೀತಾರೆ, ಅದನ್ನ ಮಾಡೋಣ ಅಂದ್ರು. ಅಪ್ಪಾಜಿಗೆ ಹೇಳ್ದೆ. ಇಪ್ಪತ್ತೇಳು ಹೆಂಡತಿಯರಲ್ಲಿ ಚಂದ್ರನಿಗೆ ರೋಹಿಣಿ ಮೇಲೇ ಜೀವ ಅಂತ ಅವರು ಕಥೆ ಶುರು ಮಾಡಿದ್ರು, ನಾನು 3,500 ಮುಂಗಡ ಕಳಿಸಿದೆ.